ಲೈಟ್ ಹಾಕಿದರೆ ಡೀಸೆಲ್ ಏರುವ ಲಾರಿ

ಕೋಲಾರದಲ್ಲಿ ಲಾರಿ ವೈರಿಂಗ್ ಕೆಲಸ ಮಾಡುವವರಿಗೆ ಟೊಮ್ಯಾಟೊ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಎಪಿಎಂಸಿಯಲ್ಲಿ ಲೋಡ್ ಆದ ಗಾಡಿ ಅವತ್ತೇ ಹೊರಡಬೇಕು. ಹಣ್ಣು ಕಾಯುವುದಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗಂತೂ ಮಾಲೀಕರು ಗಾಡಿ ಪಕ್ಕದಲ್ಲೇ ನಿಂತು "ಆಯ್ತಾ ಮೇಸ್ತ್ರಿ, ಆಯ್ತಾ?" ಅಂತ ಕೇಳುತ್ತಿದ್ದರು. ಇಂಥ ಅವಸರದಲ್ಲಿ ಡ್ಯಾಶ್‌ಬೋರ್ಡ್ ಮೀಟರ್ ಸರಿಯಿಲ್ಲ ಅಂತ ಗಾಡಿ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಹೊಸ ಮೀಟರ್ ಕಡೆಗೆ. ಬಿಚ್ಚು, ಹಾಕು, ಕಳಿಸು.

ನಾನು ನೋಡಿದಂತೆ ಹಳೇ ಲಾರಿಯಲ್ಲಿ ಮೀಟರೇ ಕೆಟ್ಟಿರುವುದು ಅಪರೂಪ. ತೊಂದರೆ ಹೆಚ್ಚಾಗಿ ಅರ್ತಿನಲ್ಲಿ, ಅಂದರೆ ಕರೆಂಟ್ ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿಯಲ್ಲಿ ಇರುತ್ತದೆ. ಅಲ್ಲಿಲ್ಲದಿದ್ದರೆ ಯಾರೋ ಯಾವತ್ತೋ ಸುತ್ತಿ ಬಿಟ್ಟ ಟೇಪಿನೊಳಗೆ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಮುಳಬಾಗಿಲು ಕಡೆಯ ಆರು ಚಕ್ರದ ಹಳೇ ಲಾರಿ, 24 ವೋಲ್ಟ್. ಡ್ರೈವರ್ ಇಳಿದವನೇ, "ಮೇಸ್ತ್ರಿ, ನಮ್ ಗಾಡಿ ರಾತ್ರಿ ಹೊತ್ತು ತಾನೇ ಡೀಸೆಲ್ ಮಾಡ್ಕೊಳ್ತದೆ" ಅಂದ. ಹಗಲು ಅರ್ಧ ಟ್ಯಾಂಕ್ ತೋರಿಸುವ ಮುಳ್ಳು ಹೆಡ್‌ಲೈಟ್ ಹಾಕಿದ ಕೂಡಲೇ ಮುಕ್ಕಾಲಿಗೆ ಏರುತ್ತಿತ್ತು. ಅದರ ಜೊತೆ ಹೀಟ್ ಮೀಟರ್ ಮುಳ್ಳೂ ಏರುತ್ತಿತ್ತು. ಚಿತ್ತೂರು ಕಡೆಯಿಂದ ವಾಪಸ್ ಬರುವಾಗ ಮೊಗಿಲಿ ಘಾಟ್ ಹತ್ತುತ್ತಾ ಆ ಮುಳ್ಳು ನೋಡಿ ಹೆದರಿ, ಎಷ್ಟೋ ಸಲ ಗಾಡಿ ಪಕ್ಕಕ್ಕೆ ಹಾಕಿ ಬಾನೆಟ್ ತೆಗೆದು ನೋಡಿದ್ದಾನಂತೆ. ಇಂಜಿನ್ ಬಿಸಿಯೇ ಆಗಿರುತ್ತಿರಲಿಲ್ಲ. ಬೇರೆ ಕಡೆ ಟ್ಯಾಂಕಿನಲ್ಲಿ ಡೀಸೆಲ್ ಮಟ್ಟ ತಿಳಿಸುವ ಫ್ಲೋಟ್ ಬದಲಿಸಿದ್ದರು, ಆಮೇಲೆ ಮೀಟರ್ ಸೆಟ್ಟನ್ನೇ ಬದಲಿಸಿದ್ದರು. ಹೊಸ ಮೀಟರೂ ರಾತ್ರಿ ಡೀಸೆಲ್ ಏರಿಸಿತು.

ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಒಂದು ಮುಳ್ಳು ತಪ್ಪು ತೋರಿಸುತ್ತಾ, ಎಲ್ಲಾ ಮುಳ್ಳೂ ತಪ್ಪು ತೋರಿಸುತ್ತಾ? ಒಂದೇ ಆದರೆ ಆ ಮೀಟರಿನ ಸೆನ್ಸಾರ್, ಅದರ ವೈರ್, ಕೊನೆಗೆ ಮೀಟರ್ ನೋಡಬೇಕು. ಎರಡು ಮೂರು ಮುಳ್ಳು ಒಟ್ಟಿಗೆ ಕುಣಿದರೆ ಅವೆಲ್ಲಕ್ಕೂ ಸೇರಿದ ಜಾಗ ಹುಡುಕಬೇಕು. ಅಂಥ ಜಾಗ ಇರುವುದು ಕೆಲವೇ. ಕೀ ಆನ್ ಮಾಡಿದಾಗ ಬರುವ ಫ್ಯೂಸ್ ಲೈನ್, ಮೀಟರ್ ಸೆಟ್ಟಿನ ಅರ್ತ್, ಕೆಲವು ಹಳೇ ಗಾಡಿಗಳಲ್ಲಿ ಮೀಟರ್ ಹಿಂದೆ ಕೂತಿರುವ ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್. ಈ ಸ್ಟೆಬಿಲೈಸರ್ ಇರುವುದು ಬಿಸಿಗೆ ಬಾಗುವ ಲೋಹದ ಪಟ್ಟಿಯಿಂದ ಮುಳ್ಳು ನಿಧಾನಕ್ಕೆ ಏರುವ ಬೈಮೆಟಲ್ ಮೀಟರ್‌ಗಳಿಗೆ. 12 ವೋಲ್ಟ್ ಗಾಡಿಯಲ್ಲಿ ಅದು ಸರಾಸರಿ 10 ವೋಲ್ಟ್ ಹತ್ತಿರ ಕೊಡುತ್ತದೆ. ಅದರ ಅರ್ತ್ ಕಿತ್ತುಹೋದರೆ ಬ್ಯಾಟರಿ ವೋಲ್ಟೇಜ್ ಪೂರ್ತಿ ಹಾಗೇ ದಾಟುತ್ತದೆ, ಎಲ್ಲಾ ಮುಳ್ಳೂ ಮೇಲೆ ಮೇಲೆ ತೋರಿಸುತ್ತವೆ. ಜನ ಅದಕ್ಕೂ ಮೀಟರ್ ಬದಲಿಸುತ್ತಾರೆ.

ಈ ಲಾರಿಯಲ್ಲಿ ಇನ್ನೊಂದು ಸುಳಿವೂ ಇತ್ತು, ಲೈಟ್. ಟ್ಯಾಂಕಿಗೂ ಹೆಡ್‌ಲೈಟಿಗೂ ಏನು ಸಂಬಂಧ? ಅವೆರಡೂ ಸೇರುವುದು ಅರ್ತಿನಲ್ಲಿ ಮಾತ್ರ ಅಲ್ವಾ?

ಅರ್ತ್ ನೋಡಿದ್ದಾರೆ, ಸರಿ ಇದೆ ಅಂತ ಡ್ರೈವರ್ ಹೇಳಿದ. ಹೇಗೆ ನೋಡಿದರು ಅಂದರೆ ಮಲ್ಟಿಮೀಟರನ್ನು, ವೈರ್ ಕೂಡಿದ್ದರೆ ಕೂಗುವ ಬೀಪ್‌ಗೆ ಇಟ್ಟು. ಬೀಪ್ ಬಂತು, ಬಿಟ್ಟರು. ಈ ಬೀಪನ್ನು ನಂಬಿ ನಮ್ಮ ಕಡೆ ಎಷ್ಟು ಹೊಸ ಮೀಟರ್‌ಗಳು ದಂಡವಾಗಿ ಖರ್ಚಾಗಿವೆಯೋ! ಸಾಮಾನ್ಯ ಮಲ್ಟಿಮೀಟರ್ 30 ಓಮ್ ಇದ್ದರೂ ಬೀಪ್ ಕೊಡುತ್ತದೆ. ಹತ್ತಾರು ಎಳೆಯ ದಪ್ಪ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಕೊಡುತ್ತದೆ. ಆದರೆ ಆ ಒಂದು ಎಳೆಯ ಮೇಲೆ ಹೆಡ್‌ಲೈಟ್ ಕರೆಂಟ್ ಹೋಗಲು ಆಗುವುದಿಲ್ಲ. ಬಚ್ಚಲ ತೂಬು ಅರ್ಧ ಕಟ್ಟಿದ್ದರೂ ಒಂದು ಚೊಂಬು ನೀರು ಇಳಿದುಹೋಗುತ್ತದೆ, ಹಂಡೆ ನೀರು ಸುರಿದಾಗಲೇ ಗೊತ್ತಾಗುವುದು.

ಅದಕ್ಕೆ ಅರ್ತನ್ನು ಲೋಡ್ ಕೊಟ್ಟೇ ನೋಡಬೇಕು. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೆಯೇ ಇರಲಿ, ವೈರ್ ತುದಿಯ ಲೋಹದ ಲಗ್ ಮೇಲೆ ಬೇಡ. ಕೆಂಪು ಕಡ್ಡಿ ಮೀಟರ್ ಸೆಟ್ಟಿನ ಅರ್ತ್ ಪಿನ್ನಿಗೆ. ಲೈಟ್ ಆಫ್ ಇದ್ದಾಗ ನೋಡಿ, ಆಮೇಲೆ ಹೆಡ್‌ಲೈಟ್, ವೈಪರ್, ಇಂಡಿಕೇಟರ್ ಎಲ್ಲಾ ಹಾಕಿ ನೋಡಿ. ಒಳ್ಳೆಯ ಅರ್ತ್ ಆದರೆ 0.1, 0.2 ವೋಲ್ಟ್ ಒಳಗೆ ಇರುತ್ತದೆ. ಅರ್ಧ ವೋಲ್ಟ್ ದಾಟಿದರೆ ಹುಡುಕಲು ಶುರು ಮಾಡಬಹುದು. ಈ ಲಾರಿಯಲ್ಲಿ ಲೈಟ್ ಹಾಕಿದಾಗ ಎರಡು ವೋಲ್ಟ್ ಹತ್ತಿರ ಬಂತು.

ಲೆಕ್ಕ ಸುಲಭ. ಹೆಡ್‌ಲೈಟ್ ಬಲ್ಬ್ 24 ವೋಲ್ಟಿಗೆ 70 ವ್ಯಾಟ್ ಅಂದರೆ ಒಂದೊಂದೂ ಮೂರು ಆಂಪ್ಸ್ ಎಳೆಯುತ್ತದೆ. ಡ್ರೈವರ್ ಮುಂದೆ ಎರಡು ಫೋಕಸ್ ಲೈಟ್ ಬೇರೆ ಹಾಕಿಸಿದ್ದ. ಒಟ್ಟು 12 ಆಂಪ್ಸ್ ಅಂದುಕೊಳ್ಳಿ. ಎರಡು ವೋಲ್ಟ್ ಬೀಳಲು 0.17 ಓಮ್ ಸಾಕು. ಬೀಪ್‌ಗೆ ಅದು ಕಾಣಿಸುವುದೇ ಇಲ್ಲ. ಆದರೆ ಕ್ಯಾಬಿನ್ ಅರ್ತ್ ಎರಡು ವೋಲ್ಟ್ ಮೇಲೆದ್ದು, ಟ್ಯಾಂಕ್ ಫ್ಲೋಟಿನ ಅರ್ತ್ ಚಾಸಿಯಲ್ಲಿ ಕೆಳಗೇ ಉಳಿದರೆ, ಆ ವ್ಯತ್ಯಾಸವೂ ಮುಳ್ಳಿನಲ್ಲಿ ಡೀಸೆಲ್ ಆಗಿ ಕಾಣುತ್ತದೆ. ಮೀಟರ್ ಪಾಪ, ತನ್ನ ಅರ್ತ್ ಸೊನ್ನೆ ಅಂತಲೇ ನಂಬಿ ಅಳೆಯುತ್ತಿರುತ್ತದೆ.

ಎಲ್ಲಿ ಕೆಟ್ಟಿತ್ತು? ಲಾರಿ ಕ್ಯಾಬಿನ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ. ಕಬ್ಬಿಣ ಕಬ್ಬಿಣಕ್ಕೆ ತಾಕಿದಂತೆ ಕಂಡರೂ ಕರೆಂಟ್ ದಾಟುವುದು ಜಡೆಯಂತೆ ನೇಯ್ದ ಚಪ್ಪಟೆ ಅರ್ತ್ ಪಟ್ಟಿಯಲ್ಲಿ. ಕ್ಯಾಬಿನ್‌ನಿಂದ ಚಾಸಿಗೆ ಬರುವ ಆ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಲಗ್ ಅಡಿಯಲ್ಲಿ ನೀಟಾಗಿ ಪೇಂಟ್! ಎಂಟು ವರ್ಷ ದಾಟಿದ ಲಾರಿಗೆ ವರ್ಷ ವರ್ಷವೂ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು. ಎಫ್‌ಸಿಗೆ ಮುಂಚೆ ಪೇಂಟ್ ಹೊಡೆಸುವುದು ನಮ್ಮಲ್ಲಿ ರೂಢಿ. ಪೇಂಟರ್ ಪಟ್ಟಿ ಬಿಚ್ಚಿದ್ದಾನೆ, ಹೊಡೆದಿದ್ದಾನೆ, ಪೇಂಟ್ ಮೇಲೇ ಬಿಗಿದಿದ್ದಾನೆ. ಕರೆಂಟ್ ಹೋಗುತ್ತಿದ್ದುದು ಬೋಲ್ಟಿನ ಮರೆಯ (ತಿರುಪಿನ ಗೆರೆಗಳ) ತುಕ್ಕಿನ ಮೂಲಕ. ಲಗ್ ಅಡಿ ಕಬ್ಬಿಣ ಹೊಳೆಯುವ ತನಕ ಕೆರೆದು, ಪಟ್ಟಿ ಹೊಸದು ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಲೈಟ್ ಹಾಕಿದರೂ ಮುಳ್ಳು ಅಲ್ಲಾಡಲಿಲ್ಲ. ಡ್ರೈವರ್ ನಾಲ್ಕೈದು ಸಲ ಸ್ವಿಚ್ ಒತ್ತಿ ಒತ್ತಿ ನೋಡಿದ.

ಇಂಜಿನ್ ಅರ್ತ್ ಪಟ್ಟಿಯೂ ಹೀಗೇ. ಅದು ಪೂರ್ತಿ ಹೋದರೆ ಸೆಲ್ಫ್ ಹೊಡೆಯುವಾಗ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಬಿಸಿಯಾಗಿ ಅಂಟಿಕೊಂಡ ಗಾಡಿಯನ್ನೂ ಕಂಡಿದ್ದೇನೆ. ಮಾಲೀಕ ಕೇಬಲ್ ಬದಲಿಸುತ್ತಲೇ ಇದ್ದ.

ಒಂದೇ ಮುಳ್ಳು ಕೆಟ್ಟಿದ್ದರೆ ದಾರಿ ಬೇರೆ. ಸೆನ್ಸಾರ್ ವೈರ್ ಕಳಚಿ, ಕೀ ಆನ್ ಮಾಡಿ ನೋಡಿ. ಆಮೇಲೆ ಆ ವೈರನ್ನು ಚಿಕ್ಕ ಬಲ್ಬಿನ ಟೆಸ್ಟ್ ಲ್ಯಾಂಪ್ ಮೂಲಕ ಅರ್ತಿಗೆ ಮುಟ್ಟಿಸಿ. ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಮೀಟರೂ ವೈರೂ ಸರಿ, ಸೆನ್ಸಾರ್ ಅಥವಾ ಅದರ ಅರ್ತ್ ಕೆಟ್ಟಿದೆ. ನೇರ ಅರ್ತಿಗೆ ಮುಟ್ಟಿಸಿ ಹಾಗೇ ಹಿಡಿದುಕೊಂಡಿದ್ದರೆ ಬೈಮೆಟಲ್ ಮೀಟರ್ ಸುಡುತ್ತದೆ, ಅದಕ್ಕೆ ಲ್ಯಾಂಪ್. ಡೀಸೆಲ್ ಮೀಟರ್ ಆದರೆ ಟ್ಯಾಂಕಿಗೆ ಅರ್ತ್ ಇದೆಯಾ ಅಂತಲೂ ನೋಡಬೇಕು, ಟ್ಯಾಂಕ್ ಪಟ್ಟಿ ಕೆಳಗೆ ರಬ್ಬರ್ ಇರುತ್ತದೆ.

ಹೀಟ್ ಸೆನ್ಸಾರಿನದು ಬೇರೆ ಗೋಳು. ಒಂದೇ ವೈರಿನ ಸೆನ್ಸಾರ್ ಅರ್ತ್ ತೆಗೆದುಕೊಳ್ಳುವುದು ತನ್ನ ಮರೆಯಿಂದ. ನೀರು ಸೋರಬಾರದು ಅಂತ ಮರೆಗೆ ಬಿಳಿ ಟೇಪ್ ದಪ್ಪಗೆ ಸುತ್ತಿದರೆ ನೀರೂ ಸೋರುವುದಿಲ್ಲ, ಕರೆಂಟೂ ಹೋಗುವುದಿಲ್ಲ. ಇನ್ನು ನಮ್ಮ ಜಿಲ್ಲೆಯ ಬೋರ್ ನೀರು ಗೊತ್ತಲ್ಲ. ಕೂಲಂಟ್ ಹಾಕುವ ಬದಲು ಆ ಗಡಸು ನೀರನ್ನೇ ರೇಡಿಯೇಟರಿಗೆ ಸುರಿದರೆ ಸೆನ್ಸಾರ್ ತುದಿಗೆ ಬಿಳಿ ಪದರ ಕಟ್ಟುತ್ತದೆ, ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಆರಾಮಾಗಿ ಇರುತ್ತದೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡಿದರೆ ಮುಳ್ಳಿನ ಮಾತು ನಿಜವೋ ಅಲ್ಲವೋ ಕೂಡಲೇ ಗೊತ್ತಾಗುತ್ತದೆ.

ಆಯಿಲ್ ಮೀಟರ್ ವಿಷಯದಲ್ಲಿ ಮಾತ್ರ ನಾನು ಉಲ್ಟಾ. ಅದು ಕೆಳಗೆ ಬಿದ್ದರೆ ಮೊದಲು ಮೀಟರನ್ನೇ ನಂಬಬೇಕು. ಇಂಜಿನ್ ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ, ಸೆನ್ಸಾರ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕೂರಿಸಿ ಪ್ರೆಷರ್ ಇದೆ ಅಂತ ಕಂಡ ಮೇಲೆಯೇ ವೈರ್ ಮುಟ್ಟುವುದು. "ಸೆನ್ಸಾರ್ ಪ್ರಾಬ್ಲಂ ಇರ್ಬೇಕು, ನಡೀರಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕ್ರ್ಯಾಂಕ್ ಬೇರಿಂಗ್ ಹೋದರೆ ಖರ್ಚು ಯಾರು ಕೊಡುತ್ತಾರೆ?

ಇನ್ನು ಬೇರೆಯವರ ಕೈಚಳಕ. ಹಳೇ ಲಾರಿಯ ಡ್ಯಾಶ್ ಬಿಚ್ಚಿದರೆ ಕಂಪನಿ ವೈರಿಗಿಂತ ಮೇಲಿಂದ ಹಾಕಿದ ವೈರೇ ಜಾಸ್ತಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್‌ಗಳು, ಬಿಸಿಗೆ ಟೇಪ್ ಕರಗಿ ಅಂಟಂಟು. ಇಲಿ ಕಡಿದದ್ದು ಬೇರೆ. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ. ಹಾಳೆ ಸುಡುವುದಿಲ್ಲ, ಅದರ ಬದಲು ವೈರ್ ಸುಡುತ್ತದೆ, ಆಮೇಲೆ ಕ್ಯಾಬಿನ್. ಬೆಳ್ಳಿ ಹಾಳೆ ಕಂಡರೆ ನಾನು ಯಾರಿಗೂ ಕೇಳದೆ ತೆಗೆದು ಸರಿಯಾದ ಆಂಪ್ಸಿನ ಫ್ಯೂಸ್ ಹಾಕುತ್ತೇನೆ. ಮತ್ತೆ ಹಾರಿದರೆ ಒಳ್ಳೇದೇ, ಶಾರ್ಟ್ ಎಲ್ಲಿದೆ ಅಂತ ಹುಡುಕಬಹುದು. ಫೋಕಸ್ ಲೈಟ್, ದೊಡ್ಡ ಹಾರ್ನ್ ಬೇಕಾದರೆ ರಿಲೇ ಹಾಕಿ, ಬ್ಯಾಟರಿಯಿಂದ ಬೇರೆ ಫ್ಯೂಸ್ ಕೊಟ್ಟು ಎಳೆಯಬೇಕು. ಹೆಡ್‌ಲೈಟ್ ಸ್ವಿಚ್ಚಿನಿಂದ ಕದ್ದರೆ ಸ್ವಿಚ್ ಬಾಳುವುದಿಲ್ಲ.

ನನಗೆ ಅತಿ ಸಿಟ್ಟು ಬರುವುದು ಸೌಂಡ್ ಸಿಸ್ಟಮ್ ವೈರ್ ನೋಡಿದಾಗ. 24 ವೋಲ್ಟ್ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಇರುತ್ತವೆ. ಸೆಟ್ಟಿಗೆ 12 ಬೇಕು ಅಂತ ನಡುವಿನಿಂದ ಒಂದು ವೈರ್ ಎಳೆಯುತ್ತಾರೆ. ಹಾಡು ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ಖಾಲಿಯಾಗುವುದು ಒಂದೇ ಬ್ಯಾಟರಿ, ಡೈನಮೋ ಚಾರ್ಜ್ ಮಾಡುವುದು ಎರಡಕ್ಕೂ ಸಮನಾಗಿ. ಒಂದು ಯಾವಾಗಲೂ ಅರೆಹೊಟ್ಟೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದಿಸುತ್ತದೆ. ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ, ಬೈಗುಳ ಬ್ಯಾಟರಿ ಅಂಗಡಿಯವರಿಗೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಒಂದು ಬ್ಯಾಟರಿಯ ಮುಂದೆ ಅದರ ಬೆಲೆ ಏನೂ ಅಲ್ಲ.

ಚಾರ್ಜಿಂಗ್ ಲೈಟ್ ಬಗ್ಗೆ ಒಂದು ಮಾತು. ಕೀ ಆನ್ ಮಾಡಿದಾಗ ಆ ಕೆಂಪು ಲೈಟ್ ಹೊತ್ತಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಎಷ್ಟೋ ಹಳೇ ಗಾಡಿಗಳಲ್ಲಿ ಡೈನಮೋ ಎಚ್ಚರವಾಗಲು ಬೇಕಾದ ಮೊದಲ ಕರೆಂಟ್ ಈ ಬಲ್ಬ್ ಮೂಲಕವೇ ಹೋಗುತ್ತದೆ. ಬಲ್ಬ್ ಹೋಗಿದ್ದರೆ ಡೈನಮೋ ಚಾರ್ಜ್ ಕೊಡದೇ ಇರಬಹುದು. ಹತ್ತಿಪ್ಪತ್ತು ರೂಪಾಯಿ ಬಲ್ಬಿಗೆ ಡೈನಮೋ ಬಿಚ್ಚಿದವರು ಇದ್ದಾರೆ. ಸ್ಟಾರ್ಟ್ ಮಾಡಿ ಬ್ಯಾಟರಿ ಮೇಲೆ 27.5ರಿಂದ 28.5 ವೋಲ್ಟ್ ಬಂದರೆ ಚಾರ್ಜಿಂಗ್ ಚೆನ್ನಾಗಿದೆ.

ಸ್ಪೀಡೋಮೀಟರ್ ಕೇಬಲ್ ಇರುವ ಗಾಡಿಯಲ್ಲಿ ಮುಳ್ಳು ನಡುಗಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಬಳುಕಿದೆ ಅಂತ. ಅದಕ್ಕೆ ಮಲ್ಟಿಮೀಟರ್ ಬೇಡ.

ಇಷ್ಟೆಲ್ಲಾ ಗೊತ್ತಿದ್ದೂ ಮೇಸ್ತ್ರಿಗಳು ಮೀಟರ್ ಯಾಕೆ ಬದಲಿಸುತ್ತಾರೆ? ಗೊತ್ತಿಲ್ಲದೆ ಅಲ್ಲ. ಹೊಸ ಮೀಟರ್ ಹಾಕಿದರೆ ಮಾಲೀಕರು ಮರುಮಾತಿಲ್ಲದೆ ದುಡ್ಡು ಕೊಡುತ್ತಾರೆ, ಕೈಯಲ್ಲಿ ಡಬ್ಬ ಕಾಣುತ್ತದಲ್ಲ. ಅರ್ಧ ದಿನ ಗಾಡಿ ಕೆಳಗೆ ಮಲಗಿ ಒಂದು ಬೋಲ್ಟ್ ಕೆರೆದರೆ "ಇದಕ್ಕೂ ದುಡ್ಡಾ ಮೇಸ್ತ್ರಿ?" ಅನ್ನುತ್ತಾರೆ. ಅದಕ್ಕೆ ನಾನು ಗಾಡಿ ಮುಟ್ಟುವ ಮೊದಲೇ ಹೇಳಿಬಿಡುತ್ತೇನೆ, ಹುಡುಕುವುದಕ್ಕೆ ಇಷ್ಟು, ಸರಿ ಮಾಡುವುದಕ್ಕೆ ಇಷ್ಟು. ಲೈಟ್ ಹಾಕಿ, ಆರಿಸಿ, ಮಲ್ಟಿಮೀಟರಿನಲ್ಲಿ ವೋಲ್ಟ್ ಏರುವುದನ್ನು ಅವರಿಗೇ ತೋರಿಸುತ್ತೇನೆ. ಕಿತ್ತ ಲಗ್, ಸುಟ್ಟ ವೈರ್ ತುಂಡು ಒಂದು ಕವರಿಗೆ ಹಾಕಿ ಬಿಲ್ ಜೊತೆ ಕೊಡುತ್ತೇನೆ. ಇದಾದ ಮೇಲೆ ಚೌಕಾಸಿ ಮಾಡುವವರು ಕಡಿಮೆ. ಆದರೂ ಮಾಡುವವರು ಇದ್ದಾರೆ, ಅವರು ಹೊಸ ಮೀಟರ್ ಹಾಕಿದ್ದರೂ ಮಾಡುತ್ತಿದ್ದರು ಬಿಡಿ.