ಎಳೆ ಕಡಿಯದಂತೆ, ಎಳೆ ಸಡಿಲದಂತೆ

2024 ನವೆಂಬರ್ 17, ಭಾನುವಾರ

ಇಂದು ಬೆಳಗ್ಗೆ ಚೀನಾದ ಮೃದು ಶೈಲಿಯ ಕಾದಾಟದ ಕಲೆಯಾದ ತೈಚಿಯ ಅಭ್ಯಾಸದಲ್ಲಿ, ಎಪ್ಪತ್ತು ವರ್ಷ ಸಮೀಪಿಸಿರುವ ಹಿರಿಯರೊಬ್ಬರ ಎದುರು ನಾನು ಎರಡು ಬಾರಿ ಸೋತೆ, ಅದೂ ಒಂದಕ್ಕೊಂದು ವಿರುದ್ಧವಾದ ಎರಡು ಕಾರಣಗಳಿಂದ. ನಾವು ಮಾಡುತ್ತಿದ್ದುದು 'ತುಯ್ ಶೋ', ಅಂದರೆ ಕೈತಳ್ಳಾಟ. ಎದುರುಬದುರು ನಿಂತು, ತಲಾ ಒಂದು ಕಾಲನ್ನು ಮುಂದಿಟ್ಟು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಆ ಸ್ಪರ್ಶ ತಪ್ಪದಂತೆ ಕೈಗಳನ್ನು ಸುತ್ತಿಸುತ್ತಿರಬೇಕು. ಮೊದಲ ಸಲ ನಾನು ಸಂದು ಸಿಕ್ಕಿತೆಂದು ಅವರ ಎದೆಯತ್ತ ಜೋರಾಗಿ ಒತ್ತಿದೆ. ಅವರು ತಡೆಯಲಿಲ್ಲ, ಭಾರವನ್ನು ಹಿಂಗಾಲಿಗೆ ಇಳಿಸಿ ಸೊಂಟವನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ತಿರುಗಿಸಿದರು, ಅಷ್ಟೆ. ಚಿಲಕ ಹಾಕದ ಬಾಗಿಲನ್ನು ಹೆಗಲುಕೊಟ್ಟು ನೂಕಿದವನಂತೆ ನಾನು ಎರಡು ಹೆಜ್ಜೆ ಮುಗ್ಗರಿಸಿದೆ. ಎರಡನೆಯ ಸಲ ಜಾಣನಾಗಲು ಹೋಗಿ ಮೈಯನ್ನೆಲ್ಲ ಸಡಿಲ ಬಿಟ್ಟೆ. ಅವರು ಒತ್ತಿದೊಡನೆ ನನ್ನ ತೋಳು ನನ್ನ ಎದೆಗೇ ಒತ್ತಿಕೊಂಡಿತು, ನಾನು ಹಿಂದಕ್ಕೆ ತೂರಿಹೋದೆ.

ಚೀನೀಯರ ಪರಿಭಾಷೆಯಲ್ಲಿ ಈ ಎರಡು ತಪ್ಪುಗಳಿಗೂ ಹೆಸರುಗಳಿವೆ. ಬಲಕ್ಕೆ ಬಲ ಕೊಟ್ಟು ಗುಮ್ಮುವುದು 'ಡಿಂಗ್'. ಒಳಗೆ ಬಲವೇ ಇಲ್ಲದೆ ಒತ್ತಡಕ್ಕೆ ಕುಸಿದುಹೋಗುವುದು 'ಬಿಯಾನ್'. ಮೃದು ಶೈಲಿ ಎಂದೊಡನೆ ಮೈ ಸಡಿಲ ಬಿಡುವುದೆಂದು ಭಾವಿಸುವವರಿಗೆ ಈ ಎರಡನೆಯ ತಪ್ಪು ತಪ್ಪಾಗಿ ಕಾಣುವುದೇ ಇಲ್ಲ. ಇಷ್ಟು ದಿನ ನನಗೂ ಕಂಡಿರಲಿಲ್ಲ.

ಈ ಕಲೆಯ ಮೂಲದ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವ ಕಥೆ ವುಡಾಂಗ್ ಪರ್ವತದ ತಾವೋ ಸಾಧಕ ಝಾಂಗ್ ಸಾನ್‌ಫೆಂಗ್‌ನದು: ಹಕ್ಕಿಯೂ ಹಾವೂ ಕಾದಾಡುವುದನ್ನು ಕಂಡು ಆತ ಇದನ್ನು ರೂಪಿಸಿದನಂತೆ. ಕಥೆ ಚೆನ್ನಾಗಿದೆ, ಆದರೆ 1930ರ ದಶಕದಲ್ಲಿ ತಾಂಗ್ ಹಾವೋ ಎಂಬ ಸಂಶೋಧಕ ಜಾಡು ಹಿಡಿದು ತಲುಪಿದ್ದು ಪರ್ವತಕ್ಕಲ್ಲ, ಹೆನಾನ್ ಪ್ರಾಂತ್ಯದ ವೆನ್ ಜಿಲ್ಲೆಯ ಚೆನ್‌ಜಿಯಾಗೌ ಎಂಬ ಹಳ್ಳಿಗೆ. ಅಲ್ಲಿನ ಚೆನ್ ಮನೆತನದ 9ನೆಯ ತಲೆಮಾರಿನ ಚೆನ್ ವಾಂಗ್‌ಟಿಂಗ್ ಮಿಂಗ್ ಆಳ್ವಿಕೆ ಮುಗಿದು ಚಿಂಗ್ ಆಳ್ವಿಕೆ ಆರಂಭವಾದ 17ನೆಯ ಶತಮಾನದ ಯೋಧ. ತೈಚಿಯ ಮೂಲವನ್ನು ಆತನಲ್ಲಿ ಗುರುತಿಸಬೇಕೆಂದು ತಾಂಗ್ ಹಾವೋ ವಾದಿಸಿದರು. ಅದಕ್ಕೂ ಹಿಂದಿನ ಮಿಂಗ್ ಸೇನಾಪತಿ ಚಿ ಜಿಗುವಾಂಗ್ ಸೈನಿಕರಿಗಾಗಿ ಆಯ್ದುಕೊಟ್ಟಿದ್ದ 32 ಬರಿಗೈ ಭಂಗಿಗಳಲ್ಲಿ ಮೊದಲನೆಯದರ ಹೆಸರು 'ಲಾನ್ ಝಾ ಯಿ', ಎಂದರೆ ಉದಾಸೀನವಾಗಿ ನಿಲುವಂಗಿಯ ಅಂಚನ್ನು ಸಿಕ್ಕಿಸಿಕೊಳ್ಳುವುದು. ಚೆನ್ ಶೈಲಿಯ ಆರಂಭದಲ್ಲಿ ಬರುವುದೂ ಇದೇ ಹೆಸರಿನ ಭಂಗಿ. ಜಗಳಕ್ಕೆ ಮುನ್ನ ಪಂಚೆ ಎತ್ತಿ ಕಟ್ಟುವುದನ್ನು ನೋಡಿ ಬೆಳೆದ ನನಗೆ ಹಾವು-ಹಕ್ಕಿಗಿಂತ ಈ ನಿಲುವಂಗಿಯೇ ನಂಬಲರ್ಹವಾಗಿ ತೋರುತ್ತದೆ.

ಹಳ್ಳಿಯ ಗುಟ್ಟನ್ನು ಹೊರಗೆ ತಂದವರು ಯಾಂಗ್ ಲುಚಾನ್ (1799–1872). ಅವರು ಅದೇ ಮನೆತನದ ಚೆನ್ ಚಾಂಗ್‌ಶಿಂಗ್ ಬಳಿ ಕಲಿತು ಬೀಜಿಂಗ್‌ನಲ್ಲಿ ಕಲಿಸಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಪ್ರಚಾರಕ್ಕೆ ತಂದ ನಿಧಾನವಾದ, ಏಕಗತಿಯ ರೂಪವೇ ಇಂದು ಜಗತ್ತಿನ ಉದ್ಯಾನಗಳಲ್ಲಿ ಕಾಣುವಂಥದ್ದು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ರೂಪಿಸಿದ 24 ಭಂಗಿಗಳ ಸರಳ ಪಾಠಕ್ಕೂ ಅದೇ ಆಧಾರ. ಚೆನ್ ಶೈಲಿಯಲ್ಲಾದರೋ ನಿಧಾನದ ನಡುವೆ ಥಟ್ಟನೆ ಸಿಡಿಯುವ ಹೊಡೆತಗಳೂ ನೆಲಕ್ಕೆ ಕಾಲು ಅಪ್ಪಳಿಸುವುದೂ ಇಂದಿಗೂ ಉಳಿದಿವೆ.

ತಂತ್ರದ ತಿರುಳು ಎಂಟು ಬಗೆಯ ಬಲಪ್ರಯೋಗ ಮತ್ತು ಐದು ಬಗೆಯ ಹೆಜ್ಜೆ, ಒಟ್ಟು 13. ಎಂಟರಲ್ಲಿ ನಾಲ್ಕನ್ನು ಕೈತಳ್ಳಾಟದಲ್ಲಿ ಮೊದಲು ಕಲಿಸುತ್ತಾರೆ: ಪೆಂಗ್, ಲ್ಯೂ, ಜಿ, ಆನ್. ಹಿರಿಯರು ನನ್ನ ಮೇಲೆ ಪ್ರಯೋಗಿಸಿದ್ದು ಲ್ಯೂ, ಬರುವ ಬಲವನ್ನು ಅದರ ದಾರಿಯಲ್ಲೇ ಬಿಟ್ಟು ಪಕ್ಕಕ್ಕೆ ಸರಿಸುವುದು. ನನಗೆ ಕೊರತೆಯಾದದ್ದು ಪೆಂಗ್. ಗಾಳಿ ತುಂಬಿದ ಚೆಂಡನ್ನು ನೀರಿನಲ್ಲಿ ಅದುಮಿದಾಗ ಅಂಗೈಗೆ ಸಿಗುವ ಪುಟಿತದಂಥ ಬಲ ಅದು. ಉಳಿದ ಏಳಕ್ಕೂ ಅದೇ ತಳಹದಿ. ನಾಲ್ಕು ಲಿಯಾಂಗ್ ತೂಕದಿಂದ ಸಾವಿರ ಜಿನ್ (ಲಿಯಾಂಗ್‌ಗಿಂತ ದೊಡ್ಡ ಚೀನೀ ಅಳತೆ) ಭಾರವನ್ನು ಪಕ್ಕಕ್ಕೆ ಸರಿಸಬಹುದೆಂಬ ಮಾತು ಈ ಕಲೆಯಲ್ಲಿ ಪ್ರಸಿದ್ಧ. ಹಳೆಯ ಲಿಯಾಂಗ್ ನಮ್ಮ ಸುಮಾರು ಮೂರು ತೊಲೆ. ಅಂದರೆ ಹನ್ನೆರಡು-ಹದಿಮೂರು ತೊಲೆಯಷ್ಟು ಬಲ ಬೇಕೇ ಬೇಕು; ಸೊನ್ನೆಯಿಂದ ಕೆಲಸವಾಗದು.

ಆ ಹಿರಿಯರು ವಿವರಿಸುತ್ತಾ 'ಚಾನ್ ಸಿ ಜಿನ್' ಎಂದರು. ರೇಷ್ಮೆ ಎಳೆ ಸುತ್ತುವಂಥ, ಪಾದದಿಂದ ಸೊಂಟದ ಮೂಲಕ ಬೆರಳ ತುದಿಯವರೆಗೆ ಸುರುಳಿಯಾಗಿ ಏರುವ ಬಲ. ನಾನು ಶಿಡ್ಲಘಟ್ಟದವನು, ಈ ಹೋಲಿಕೆಯನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಬೀದಿಯ ನೂಲು ಬಿಚ್ಚಾಣಿಕೆಯ ಮನೆಯಲ್ಲಿ, ಬೆಂದ ಹುಳುವಿನ ಆ ಕಮಟು ಹಬೆಯ ನಡುವೆ, ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆಗಳನ್ನು ಕೂಡಿಸಿ ರಾಟೆಗೆ ಕೊಡುತ್ತಿದ್ದ ಹೆಂಗಸಿನ ಬೆರಳುಗಳನ್ನು ಗಂಟೆಗಟ್ಟಲೆ ನೋಡಿದ್ದೇನೆ. ರಾಟೆ ತಿರುಗಿಸುವ ಹುಡುಗ ಜಗ್ಗಿದರೆ ಎಳೆ ಕಡಿಯುತ್ತಿತ್ತು, ತೂಕಡಿಸಿದರೆ ಎಳೆ ಜೋಲುತ್ತಿತ್ತು. ಎರಡಕ್ಕೂ ಬೈಗುಳ ಒಂದೇ.

ಸಂಜೆ ಮಹಡಿಯ ಮೇಲೆ ಒಂಟಿಗೈಯ ಸುರುಳಿ ಚಲನೆಯನ್ನು ಅಭ್ಯಾಸ ಮಾಡಿದೆ. ಸೊಂಟ ತಿರುಗಿದ ಮೇಲೆಯೇ ಕೈ ಚಲಿಸಬೇಕು. ಇಪ್ಪತ್ತು ಸುತ್ತುಗಳವರೆಗೆ ಸರಿಯಾಗಿತ್ತು, ಅಲ್ಲಿಂದ ಮುಂದೆ ಬಲಗಡೆಯ ಹೆಗಲು ತಾನಾಗಿಯೇ ಕಿವಿಯತ್ತ ಏರತೊಡಗಿತು, ಕೈ ಸೊಂಟಕ್ಕಿಂತ ಮೊದಲೇ ಹೊರಡುತ್ತಿತ್ತು. ನಿಲ್ಲಿಸಿ, ಹೆಗಲು ಇಳಿಸಿ, ಮತ್ತೆ ಒಂದರಿಂದ ಎಣಿಸತೊಡಗಿದೆ.