‘ಬಹುಶಃ’ ಎಂಬ ಪದಕ್ಕೆ ಮುಕ್ಕಾಲು ಗಂಟೆ

9 ಜುಲೈ 2025, ಬುಧವಾರ

ಮಳೆ-ಗಾಳಿ ಮಾಪನ ಕೇಂದ್ರಗಳ ಕುರಿತ ಮನವಿ ಪತ್ರದ ಕರಡು ಇವತ್ತೂ ಮುಗಿಯಲಿಲ್ಲ. ಪ್ರಯೋಗಾಲಯದಲ್ಲೇ ತಲೆ ನೆರೆಸಿಕೊಂಡ ನಾವು ಐವರು ‘ಬಹುಶಃ’ ಎಂಬ ಒಂದು ಪದ ಇರಬೇಕೋ ಬೇಡವೋ ಎಂದು ಮುಕ್ಕಾಲು ಗಂಟೆ ವಾದಿಸಿದೆವು. ಚಳವಳಿ ಕಟ್ಟಲು ಹೊರಟವರ ಲಕ್ಷಣವೇ ಇದು? ಘೋಷಣೆಗೂ ಅಡಿಟಿಪ್ಪಣಿ ಕೇಳುವ ಜಾತಿ ನಮ್ಮದು.

ಹಿರಿಯರೊಬ್ಬರು ಹಳೆಯ ಆಕ್ಷೇಪವನ್ನೇ ಎತ್ತಿದರು: ಬೀದಿಗಿಳಿದರೆ ನಮ್ಮನ್ನೂ ಯಾವುದೋ ಪಕ್ಷದವರೆಂದು ಎಣಿಸುತ್ತಾರೆ, ಆಮೇಲೆ ನಮ್ಮ ದತ್ತಾಂಶವನ್ನು ಯಾರು ನಂಬುತ್ತಾರೆ? ಆ ಭಯ ಹುಸಿಯಲ್ಲ. ಸುಮ್ಮನಿದ್ದವರನ್ನು ಜನ ನಂಬಿದ್ದಾರೆ ಎಂಬುದಕ್ಕೆ ಪುರಾವೆ ಇದೆಯೇ ಎಂದು ಕೇಳಿಬಿಟ್ಟೆ. ಮಾತು ಸ್ವಲ್ಪ ಒರಟಾಯಿತು.

ದಿನಾಂಕ ಗಮನಕ್ಕೆ ಬಂದದ್ದು ಸಭೆ ಮುಗಿದ ಮೇಲೆ. 1955ರ ಜುಲೈ 9ರಂದೇ ಲಂಡನ್ನಿನಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಣ್ವಸ್ತ್ರಗಳ ವಿರುದ್ಧದ ಪ್ರಣಾಳಿಕೆಯನ್ನು ಬಿಡುಗಡೆ ಮಾಡಿದ್ದು. ಸಹಿ ಹಾಕಿದವರು 11 ಮಂದಿ. ಅವರಲ್ಲೊಬ್ಬರಾದ ಐನ್‌ಸ್ಟೈನ್ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಆದರೆ ನನಗೆ ಹೆಚ್ಚು ಕಾಡುವುದು ನಾಳಿನ ದಿನಾಂಕ. 2012ರ ಜುಲೈ 10ರಂದು ಕೆನಡಾದ ವಿಜ್ಞಾನಿಗಳು ಒಟ್ಟಾವಾದಲ್ಲಿ ‘ಸಾಕ್ಷ್ಯದ ಸಾವು’ ಎಂದು ಶವಯಾತ್ರೆ ಹೊರಡಿಸಿದರು. ಶವಪೆಟ್ಟಿಗೆ ಹೊತ್ತು ಸಂಸತ್ತಿನವರೆಗೆ ನಡೆದರು. ಆಗಿನ ಸರ್ಕಾರ ಕೈಬಿಡಲು ಹೊರಟಿದ್ದ ಸಂಶೋಧನಾ ಕೇಂದ್ರಗಳಲ್ಲಿ 1968ರಿಂದ ನಡೆಯುತ್ತಿದ್ದ ಪ್ರಾಯೋಗಿಕ ಸರೋವರಗಳ ಕೇಂದ್ರವೂ ಒಂದು. ಇಡೀ ಸರೋವರಕ್ಕೇ ರಂಜಕ ಬೆರೆಸಿ, ಪಾಚಿ ಹೇಗೆ ಹಬ್ಬುತ್ತದೆಂದು ಕಣ್ಣಾರೆ ತೋರಿಸಿಕೊಟ್ಟ ಜಾಗ ಅದು. ಅದನ್ನು ಉಳಿಸಿ ಎಂದು ಹೆಸರು ಹಿಡಿದು ಕೇಳಿದರು, ಕೇಳುತ್ತಲೇ ಇದ್ದರು. 2014ರಲ್ಲಿ ಕೇಂದ್ರ ಬೇರೊಂದು ಸಂಸ್ಥೆಯ ಕೈಸೇರಿ ಉಳಿಯಿತು.

2017ರ ಏಪ್ರಿಲ್ 22ರಂದು ಜಗತ್ತಿನ ನೂರಾರು ನಗರಗಳಲ್ಲಿ ವಿಜ್ಞಾನಕ್ಕಾಗಿ ನಡಿಗೆ ನಡೆಯಿತಲ್ಲ, ನಾನೂ ಹೋಗಿದ್ದೆ. ಉತ್ಸಾಹಕ್ಕೇನೂ ಕಡಿಮೆಯಿರಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ಫಲಕದಲ್ಲಿ ಏನು ಬರೆದಿತ್ತು ಎಂಬುದು ಇವತ್ತು ನನಗೇ ನೆನಪಿಲ್ಲ. ವಿಜ್ಞಾನ ದೊಡ್ಡದು ಎಂದೇನೋ ಇದ್ದಿರಬೇಕು. ಅದನ್ನು ಓದಿದ ಮಂತ್ರಿಯಾದರೂ ಏನು ಮಾಡಿಯಾನು, ತಲೆಯಾಡಿಸಿ ಮುಂದೆ ಹೋಗುತ್ತಾನೆ.

ರಾತ್ರಿ ಕೂತು ಕರಡಿನಲ್ಲಿ ವಿಜ್ಞಾನದ ಮಹಿಮೆ ಸಾರುವ ಎರಡು ಪ್ಯಾರಾ ಹೊಡೆದುಹಾಕಿದೆ. ‘ಬಹುಶಃ’ ಅದರೊಂದಿಗೇ ಹೋಯಿತು. ಉಳಿದದ್ದು ಎರಡು ಸಾಲು: ಮಳೆ ಮತ್ತು ಗಾಳಿಯ ಮಾಪನ ಕೇಂದ್ರಗಳನ್ನು ಮುಚ್ಚಬೇಡಿ, ಅವುಗಳ ದಾಖಲೆಗಳನ್ನು ಎಲ್ಲರಿಗೂ ತೆರೆದಿಡಿ. ನಾಲ್ವರಿಗೂ ಕಳುಹಿಸಿದೆ.

ಹತ್ತೇ ನಿಮಿಷದಲ್ಲಿ ಹಿರಿಯರಿಂದ ಉತ್ತರ ಬಂತು: ‘ಎಷ್ಟು ಕೇಂದ್ರಗಳು? ಪಟ್ಟಿ ಎಲ್ಲಿ?’

ಪಟ್ಟಿ ಮಾಡುತ್ತಾ ಕೂತಿದ್ದೇನೆ.