ವಿಯೆನ್ನಾದಲ್ಲಿ ತತ್ವಜ್ಞಾನಿಗಳ ಬೆನ್ನು ಹತ್ತಿ

ಶೊಟೆನ್‌ಟೋರ್‌ನಲ್ಲಿ ಟ್ರಾಮ್ ಇಳಿದರೆ ವಿಯೆನ್ನಾ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಒಳಗಿನ ದೊಡ್ಡ ಮೆಟ್ಟಿಲು ಹತ್ತುವಾಗ ಕೆಳಗೆ ನೋಡಿ ನಡೆಯಬೇಕು. ಇಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೋರಿಟ್ಸ್ ಶ್ಲಿಕ್ ಕೊಲೆಯಾದ ಜಾಗವನ್ನು ನೆಲದ ಮೇಲೇ ಬರೆದು ಗುರುತಿಸಿದ್ದಾರೆ. 1936ರ ಜೂನ್ 22ರಂದು ಪಾಠಕ್ಕೆ ಹೊರಟಿದ್ದವರನ್ನು ಹಳೆಯ ವಿದ್ಯಾರ್ಥಿಯೊಬ್ಬ ಗುಂಡಿಟ್ಟು ಕೊಂದ. ಶ್ಲಿಕ್ ಯಹೂದಿ ಎಂದು ಸುಳ್ಳು ಹಬ್ಬಿಸಿ, ಕೊಲೆಗೆ ಸಮಜಾಯಿಷಿ ಕೊಟ್ಟವರೂ ಇದ್ದರು. ಹತ್ತು ವರ್ಷ ಶಿಕ್ಷೆಯಾಗಿದ್ದ ಕೊಲೆಗಾರ, ನಾಜಿಗಳು ಬಂದ ಮೇಲೆ 1938ರಲ್ಲೇ ಹೊರಗೆ ಬಂದ.

ಅಲ್ಲಿಂದ ಬೋಲ್ಟ್ಸ್‌ಮನ್ ಬೀದಿಗೆ ನಡೆದೇ ಹೋದೆ. 5ನೇ ನಂಬರಿನ ಕಟ್ಟಡದಲ್ಲಿ ಗುರುವಾರ ಸಂಜೆ ವಿಯೆನ್ನಾ ಬಳಗ ಸೇರುತ್ತಿತ್ತು. ಶ್ಲಿಕ್ ಮುಂದಾಳಾಗಿದ್ದ ತತ್ವಜ್ಞಾನಿಗಳ, ಗಣಿತಜ್ಞರ ಗುಂಪು ಅದು; ತಾರ್ಕಿಕ ಪ್ರತ್ಯಕ್ಷವಾದ (ಲಾಜಿಕಲ್ ಪಾಸಿಟಿವಿಸಂ) ಎಂಬ ಪಂಥ ಇವರದೇ. ಹೊರಗಿನಿಂದ ನೋಡಿದರೆ ಸಾದಾ ಕಾಲೇಜು ಕಟ್ಟಡ, ಅಷ್ಟೇ. ಒಳಗೆ ಕೂತವರು ಹಾನ್, ನಾಯ್‌ರಾಟ್, ಕಾರ್ನಪ್, ಇನ್ನೂ ಹುಡುಗನಾಗಿದ್ದ ಗೋಡೆಲ್. ಅವರ ನಿಯಮ ಸರಳ: ಮಾತು ತರ್ಕ, ಗಣಿತದ್ದಾಗಿರಬೇಕು, ಇಲ್ಲವೇ ಅನುಭವದಿಂದ ಪರೀಕ್ಷಿಸಲು ಬರಬೇಕು. ಎರಡೂ ಅಲ್ಲವಾದರೆ ಅದಕ್ಕೆ ಅರ್ಥವೇ ಇಲ್ಲ. ನಾಯ್‌ರಾಟ್ ಮಾತುಮಾತಿಗೂ ‘ಮೆಟಾಫಿಸಿಕ್ಸ್!’ (ಅನುಭವಕ್ಕೆ ನಿಲುಕದ ಮಾತು) ಎಂದು ಅಡ್ಡ ಬಾಯಿ ಹಾಕುತ್ತಿದ್ದರಂತೆ. ಸುಮ್ನೆ ‘ಎಂ’ ಅನ್ನಿ ಸಾಕು ಎಂದರೆ, ‘ಎಂ ಅಲ್ಲದಿದ್ದಾಗ ಹೇಳ್ತೀನಿ, ಸಮಯ ಉಳಿಯುತ್ತೆ’ ಎಂದರಂತೆ!

ಶ್ಲಿಕ್ ಕೊಲೆಯೇ ಈ ಪಂಥವನ್ನು ಮುಗಿಸಿತು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕೊಲೆ, ನಾಜಿ ಆಳ್ವಿಕೆ ಬಳಗವನ್ನು ಚೆದುರಿಸಿದವು, ನಿಜ. ಆದರೆ ಕಾರ್ನಪ್ ಆಗಲೇ ಷಿಕಾಗೋ ಸೇರಿದ್ದರು, ವಿಚಾರ ಅಮೆರಿಕದಲ್ಲಿ ಇನ್ನೂ ಜಾಸ್ತಿ ಬೆಳೆಯಿತು. ಸೋತಿದ್ದು ಒಳಗಿನಿಂದ. ಆ ನಿಯಮವನ್ನೇ ಪರೀಕ್ಷೆಗೆ ಒಡ್ಡಿದರೆ? ಅದು ಗಣಿತವೂ ಅಲ್ಲ, ಅನುಭವಕ್ಕೆ ಸಿಗುವುದೂ ಇಲ್ಲ. ‘ಕಾಸಿದರೆ ಎಲ್ಲ ಲೋಹವೂ ಹಿಗ್ಗುತ್ತದೆ’ ಎಂಬುದನ್ನು ಕೂಡ ಪೂರ್ತಿ ಸಾಬೀತು ಮಾಡಲು ಬರುವುದಿಲ್ಲ, ಜಗತ್ತಿನ ಲೋಹವನ್ನೆಲ್ಲ ಕಾಸಿ ನೋಡಿದವರು ಯಾರು? ಕಾರ್ನಪ್ ತಾವೇ ನಿಯಮ ಸಡಿಲಿಸಿದರು. 1951ರಲ್ಲಿ ಈ ವಿಚಾರಕ್ಕೆ ದೊಡ್ಡ ಏಟು ಕೊಟ್ಟ ಅಮೆರಿಕದ ತತ್ವಜ್ಞಾನಿ ಕ್ವೈನ್, ಯುವಕನಾಗಿದ್ದಾಗ ಕಾರ್ನಪ್ ಹತ್ತಿರ ಕಲಿಯಲೆಂದೇ ಪ್ರಾಗ್‌ಗೆ ಹೋಗಿದ್ದವರು.

ಕೊನೆಗೆ ಕುಂಡ್‌ಮನ್ ಬೀದಿಗೆ ಹೋದೆ. ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ತಮ್ಮ ಅಕ್ಕನಿಗಾಗಿ ಕಟ್ಟಿಸಿದ ಮನೆ ಅಲ್ಲಿದೆ, ಈಗ ಬಲ್ಗೇರಿಯಾದವರ ಸಾಂಸ್ಕೃತಿಕ ಕೇಂದ್ರ. ಒಂದಿಷ್ಟೂ ಅಲಂಕಾರವಿಲ್ಲದ ಬಿಳಿ ಗೋಡೆ. ಬಾಗಿಲ ಹಿಡಿಯನ್ನೂ ಅವರೇ ವಿನ್ಯಾಸ ಮಾಡಿದ್ದು. ಬಳಗದವರು ಅವರ ಪುಸ್ತಕವನ್ನು ಸಾಲುಸಾಲಾಗಿ ಓದಿ ಚರ್ಚಿಸಿದ್ದರು, ತಮ್ಮವರೇ ಎಂದು ನಂಬಿದ್ದರು. ಅವರೋ, ಶ್ಲಿಕ್ ಮತ್ತಿಬ್ಬರು ಮೂವರು ಭೇಟಿಗೆ ಬಂದಾಗ ಕೆಲವೊಮ್ಮೆ ತತ್ವಶಾಸ್ತ್ರದ ಮಾತೇ ಎತ್ತದೆ, ಬೆನ್ನು ತಿರುಗಿಸಿ ಕೂತು ಕವಿತೆ ಓದುತ್ತಿದ್ದರಂತೆ. ಯಾರದು ಗೊತ್ತಾ? ನಮ್ಮ ರವೀಂದ್ರನಾಥ ಠಾಕೂರರದು.